ಟೇಬಲ್ ಸಾಗೆ ಯಾವ ಬ್ಲೇಡ್ ತರ್ಲಿ?

ದಾವಣಗೆರೆಯಲ್ಲಿ ಮನೆ ಹಿಂದಿನ ಶೆಡ್ಡಲ್ಲಿ ಮರಗೆಲಸ ಶುರು ಮಾಡಿದೀನಿ. 10 ಇಂಚಿನ ಹಳೇ ಟೇಬಲ್ ಸಾ (ಮೇಜಿನ ನಡುವೆ ದುಂಡು ಬ್ಲೇಡ್ ತಿರುಗೋ ಗರಗಸ) ಸಿಕ್ತು, ಬ್ಲೇಡ್ ಪೂರ್ತಿ ಮೊಂಡಾಗಿದೆ. ತೇಗದ ಚೌಕಟ್ಟಿನ ತುಂಡು, ಮೈಕಾ ಅಂಟಿಸಿದ ಪ್ಲೈ, ಎರಡೂ ಕೊಯ್ಯಬೇಕು. ಅನುಭವ ಇದ್ದೋರು ಹೇಳಿ.

*ದಾವಣಗೆರೆಯಿಂದ:*
ಒಂದೇ ಬ್ಲೇಡಿನಾಗ ಎರಡೂ ಚೆಂದ ಬರಲ್ಲ ಅಣ್ಣ. ಮರನ ಉದ್ದಕ್ಕೆ ಸೀಳೋಕೆ 24 ಹಲ್ಲಿಂದು, ಪ್ಲೈಗೆ 60 ಇಲ್ಲಾ 80 ಹಲ್ಲಿಂದು ತಗೊಳ್ರಿ. ನಾನು ಸೋಮಾರಿತನಕ್ಕೆ 80ರಾಗೇ ತೇಗ ಸೀಳಾಕ ಹೋಗಿದ್ದೆ. ಹೊಟ್ಟು ಹೊರಗೆ ಬರಾಕ ಜಾಗಿಲ್ಲ, ಅಂಚೆಲ್ಲ ಕಪ್ಪಗೆ ಸುಟ್ಟು ಹೊಗೆ ಬಂತು. ಹಳೇ ಮನೆ ತೊಲೆ ಆದ್ರೆ ಮೊದ್ಲು ಆಯಸ್ಕಾಂತ ಆಡಿಸ್ರಿ. ಒಂದು ಮೊಳೆ ಸಾಕು, ಕಾರ್ಬೈಡ್ ಹಲ್ಲು ಹಾರಿಹೋಗ್ತೈತಿ.

*ಚಿತ್ರದುರ್ಗದಿಂದ:*
ಹಲ್ಲಿನ ಲೆಕ್ಕ ಆಮೇಲೆ, ಮೊದ್ಲು ನಡುವಿನ ತೂತು ಅಳೀರಿ. 25.4 ಮಿ.ಮೀ. ಐತೆ, 30 ಐತೆ, 15.88ರ ಮಷೀನೂ ಐತೆ. ನಾನು 30ರ ಬ್ಲೇಡ್ ತಂದು, 25.4ರ ಶಾಫ್ಟಿಗೆ ಡಬ್ಬದ ತಗಡು ಸುತ್ತಿ ಕೂರಿಸಿದ್ದೆ. ನೋಡೋಕೆ ನೆಟ್ಟಗೇ ಇತ್ತು. ಸ್ವಿಚ್ ಹಾಕಿದ ಕೂಡ್ಲೇ ಟೇಬಲ್ಲೇ ಗಡಗಡ ಅಂತು, ಕೊಯ್ದ ಗೆರೆ ಬ್ಲೇಡಿಗಿಂತ ಒಂದೂವರೆಪಟ್ಟು ಅಗಲ. ತೂತು ಚಿಕ್ಕದು ಮಾಡೋ ಸರಿಯಾದ ಅಳತೆಯ ಬುಷ್ (ಉಂಗುರ) ಸಿಗುತ್ತೆ, ಅದೇ ಹಾಕಿ. ಬ್ಲೇಡ್ ಮೇಲೆ ಬರೆದ ಗರಿಷ್ಠ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು ಅನ್ನೋದು) ನಿಮ್ಮ ಮಷೀನಿಗಿಂತ ಹೆಚ್ಚಿರಬೇಕು.

ಕೂರಿಸೋ ಮುಂಚೆ ವಾಷರಿನ ಎರಡೂ ಮುಖ ಬಟ್ಟೇಲಿ ಒರೆಸಿ. ಒಂದು ಕಾಳಷ್ಟು ಹೊಟ್ಟು ಸಿಕ್ಕಿದ್ರೂ ಬ್ಲೇಡ್ ಓಲಾಡುತ್ತೆ. ಮೇಲಕ್ಕಿರೋ ಹಲ್ಲು ನಿಮ್ಮ ಕಡೆ ನೋಡಬೇಕು. ನಟ್ಟು ಬಿಚ್ಚೋಕೆ ಬಹಳಷ್ಟು ಮಷೀನಲ್ಲಿ ಬ್ಲೇಡ್ ತಿರುಗೋ ಕಡೆಗೇ ಪಾನಾ ತಿರುಗಿಸಬೇಕು. ಬಿಗಿ ಮಾಡೋವಾಗ ಪಾನಾ ಮೇಲೆ ಹತ್ತಿ ನಿಲ್ಲಬೇಡಿ, ಸಾಧಾರಣ ಬಿಗಿ ಸಾಕು.

*ಇನ್ನೊಬ್ಬರು, ಚಳ್ಳಕೆರೆಯಿಂದ:*
ಪ್ಲಗ್ ಕಿತ್ತಿಡಿ ಅಂತ ಯಾರೂ ಹೇಳಲೇ ಇಲ್ವಲ್ಲ! ಸ್ವಿಚ್ ಆಫ್ ಮಾಡಿದ್ರೆ ಸಾಲದು. ನಮ್ ಕಡೆ ಕರೆಂಟ್ ಹೋಗಿ ಬರೋದು ಗೊತ್ತಲ್ಲ. ಒಂದ್ಸಲ ಮಷೀನ್ ನಡೀತಿದ್ದಾಗ್ಲೇ ಹೋಯ್ತು, ನಾನು ಸ್ವಿಚ್ ಆಫ್ ಮಾಡೋದು ಮರೆತು ಟೀ ಕುಡಿಯೋಕೆ ಹೋದೆ. ವಾಪಸ್ ಬಂದು ಬ್ಲೇಡ್ ಹತ್ರ ಕೈ ಚಾಚೋಷ್ಟರಲ್ಲಿ ಗುಂಯ್ ಅಂತ ತಾನೇ ತಿರುಗ್ತು. ಬೆರಳು ಉಳೀತು, ಟೀ ಲೋಟ ಹೋಯ್ತು. ಮಾರನೇ ದಿನವೇ ಕರೆಂಟ್ ಹೋದ್ರೆ ತಾನೇ ಆಫ್ ಆಗೋ ಸ್ವಿಚ್ ಹಾಕಿಸಿದೆ. ತಿರುಗೋ ಮಷೀನ್ ಮುಂದೆ ಗ್ಲೌಸ್ ಬೇಡ, ಎಳ್ಕೊಳ್ಳುತ್ತೆ.

*ಮೊದಲು ಉತ್ತರ ಕೊಟ್ಟವರೇ:*
ಬ್ಲೇಡಿನ ಹಿಂದೆ ನಿಂತ ತಗಡು ಕಿತ್ತು ಬಿಸಾಕಬ್ಯಾಡ್ರಿ. ಸೀಳಿದ ಮರ ಮುಚ್ಚಿಕೊಂಡು ಬ್ಲೇಡ್ ಹಿಡಿದ್ರೆ ನಿಮ್ಮ ಹೊಟ್ಟೆಗೇ ಒದೀತೈತಿ. ತಗಡು ಬ್ಲೇಡಿನ ಮೈಗಿಂತ ದಪ್ಪ, ಹಲ್ಲಿನ ಅಗಲಕ್ಕಿಂತ ತೆಳ್ಳಗೆ ಇರಬೇಕು. ಅದಕ್ಕೇ ತೆಳು ಬ್ಲೇಡ್ ತರೋರು ಅದನ್ನೂ ಅಳೀರಿ.

*ಕೇಳಿದವರು:*
ಈಗಷ್ಟೇ ಅಳೆದೆ, ಪ್ಲಗ್ ಕಿತ್ತೇ! ಶಾಫ್ಟ್ 25.4. ಅಂಗಡೀಲಿ ಎತ್ತಿಟ್ಟಿರೋ ಬ್ಲೇಡ್ 30ರದ್ದು. ಫೋನ್ ಮಾಡಿ ಬದಲಾಯಿಸೋಕೆ ಹೇಳ್ತೀನಿ.