ಕಟ್ಟಡಗಳು ಸರಿಯಾಗಿ ಬಂದಿವೆ, ಸಂಜೆ ಮಾತ್ರ ಬಂದಿಲ್ಲ

ಪ್ರಶ್ನೆ:
ಸಂಜೆ ಹೊತ್ತಿನ ಒಂದು ಬೀದಿಯನ್ನು ಪೆನ್ಸಿಲ್‌ನಲ್ಲಿ ಬರೆದೆ. ಎರಡೂ ಕಡೆ ನಾಲ್ಕೈದು ಮಹಡಿಯ ಕಟ್ಟಡಗಳು, ನಡುವೆ ರಸ್ತೆ. ಅಳತೆ ಸರಿ ಇದೆ, ಕಿಟಕಿಗಳ ಸಾಲು ನೆಟ್ಟಗಿದೆ. ಆದರೂ ರಟ್ಟಿನ ಡಬ್ಬ ಜೋಡಿಸಿಟ್ಟ ಹಾಗೆ ಕಾಣುತ್ತಿದೆ. ಅಲ್ಲಿ ನಿಂತಾಗ ಒಂಥರಾ ಮೌನ ಇತ್ತು. ಅದು ಹಾಳೆಗೆ ಇಳಿಯಲಿಲ್ಲ. ಎಚ್‌ಬಿ, 2ಬಿ ಪೆನ್ಸಿಲ್ ಬಳಸಿದ್ದೇನೆ. ಇನ್ನೂ ಜಾಸ್ತಿ ಶೇಡಿಂಗ್ ಬೇಕಾ?

ಉತ್ತರ 1:
ನೆರಳನ್ನು ಎಲ್ಲಿಗೆ ನಿಲ್ಲಿಸಿದ್ದೀರಿ? ರಸ್ತೆಯ ಮೇಲೇ ಅಲ್ವಾ? ಸೂರ್ಯ 45 ಡಿಗ್ರಿ ಎತ್ತರದಲ್ಲಿದ್ದರೆ ನೆರಳು ಕಟ್ಟಡದ ಎತ್ತರದಷ್ಟೇ ಉದ್ದ. 10 ಡಿಗ್ರಿಗೆ ಇಳಿದರೆ ಐದೂವರೆ ಪಟ್ಟಿಗೂ ಜಾಸ್ತಿ. ಸೂರ್ಯ ಒಂದು ಸಾಲಿನ ಬೆನ್ನ ಹಿಂದೆ ಇದ್ದರೆ ಅದರ ನೆರಳು ರಸ್ತೆ ದಾಟಿ ಎದುರಿನ ಗೋಡೆ ಹತ್ತುತ್ತದೆ. ಬಿಸಿಲು ಉಳಿಯುವುದು ಮೇಲಿನ ಮಹಡಿಯಲ್ಲಿ ಮಾತ್ರ. ನೀವು ಹುಡುಕುತ್ತಿರುವ ಸಂಜೆ ಅಲ್ಲೇ ಇದೆ.

ಆ ಮೇಲಿನ ಪಟ್ಟಿಯನ್ನು ಮುಟ್ಟಬೇಡಿ, ಹಾಳೆಯ ಬಿಳಿ ಹಾಗೇ ಇರಲಿ. ಕೆಳಗಿನದೆಲ್ಲ, ಗೋಡೆ, ರಸ್ತೆ, ಬಾಗಿಲು, ಎಲ್ಲವೂ ಸೇರಿ ಒಂದೇ ಕಪ್ಪು ಆಕಾರ. ನನಗೆ ಇದು ಅರ್ಥವಾಗಲು ತುಂಬಾ ದಿನ ಬೇಕಾಯಿತು. ಒಂದೊಂದು ಕಟ್ಟಡಕ್ಕೂ ಬೇರೆ ಬೇರೆ ನೆರಳು ಹಾಕುತ್ತಾ ಕೂರುತ್ತಿದ್ದೆ. ಚಿತ್ರ ಚೂರುಚೂರಾಗುತ್ತಿತ್ತು. ಈಗ ಮೊದಲು ಬೆಂಕಿಪೊಟ್ಟಣದಷ್ಟು ಚಿಕ್ಕದಾಗಿ ಬರೆದು ನೋಡುತ್ತೇನೆ. ಬಿಳಿ, ಬೂದು, ಕಪ್ಪು, ಮೂರೇ. ಅಷ್ಟರಲ್ಲೇ ಮೌನ ಕಾಣದಿದ್ದರೆ ದೊಡ್ಡ ಹಾಳೆಯಲ್ಲೂ ಕಾಣುವುದಿಲ್ಲ.

ಒಂದು 6ಬಿ ತಗೊಳ್ಳಿ, ಅದು ಇನ್ನೂ ಮೆತ್ತಗಿನ, ಹೆಚ್ಚು ಕಪ್ಪು ಬರುವ ಪೆನ್ಸಿಲ್. ಎಚ್‌ಬಿಯನ್ನು ಎಷ್ಟು ಒತ್ತಿದರೂ ಹಾಳೆ ಹೊಳೆಯುತ್ತದೆಯೇ ಹೊರತು ಅಷ್ಟು ಕಪ್ಪಾಗುವುದಿಲ್ಲ.

ಉತ್ತರ 2:
ಮೇಲಿನವರು ಹೇಳಿದ್ದು ಸರಿ. ಒಂದು ಮಾತು ಸೇರಿಸುತ್ತೇನೆ. ಎದುರು ಗೋಡೆಯ ಮೇಲೆ ನೆರಳಿನ ಅಂಚನ್ನು ಸ್ಕೇಲ್ ಇಟ್ಟು ಎಳೆಯಬೇಡಿ. ದೂರ ಹೋದಷ್ಟೂ ಅಂಚು ಮೆತ್ತಗಾಗುತ್ತದೆ. ನೆರಳೊಳಗಿನ ಕಿಟಕಿಗಳಲ್ಲಿ ಮೂರೋ ನಾಲ್ಕೋ ಸಾಕು.

ಪ್ರಶ್ನೆ ಕೇಳಿದವರು:
ಹೌದು, ನೆರಳು ರಸ್ತೆಯಲ್ಲೇ ನಿಂತಿತ್ತು! ರಾತ್ರಿ ಕೂತು ಮತ್ತೆ ಬರೆದೆ. ಅರ್ಧಕ್ಕಿಂತ ಜಾಸ್ತಿ ಕಿಟಕಿಗಳು ಕತ್ತಲಲ್ಲಿ ಹೋದವು. ಅಷ್ಟು ಕಷ್ಟಪಟ್ಟು ಬರೆದಿದ್ದೆ, ಮುಚ್ಚುವಾಗ ಸಂಕಟ ಆಯಿತು. ಈಗ ಮೇಲಿನ ಮಹಡಿಯ ಬಾಲ್ಕನಿಯೊಂದೇ ಬೆಳಗುತ್ತಿದೆ. ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ.