ಪುಟ್ಟಿಯ ‘ಇಫ್’ ಪ್ರಶ್ನೆಗೆ ಅತ್ತೆಯ ಉತ್ತರ

ಎಲ್ಲರಿಗೂ ನಮಸ್ಕಾರ. ಪುಟ್ಟಿ, ಬೆಳಿಗ್ಗೆ ನೀನು ಗುಂಪಿಗೆ ಹಾಕಿದ ಟೆಸ್ಟ್ ಪೇಪರಿನ ಫೋಟೊ ನೋಡಿದೆ. ‘ಇಫ್ ಇಟ್ ಡ್ಯಾಶ್ ಟುಮಾರೋ, ವಿ ವಿಲ್ ಸ್ಟೇ ಅಟ್ ಹೋಮ್’ ಎಂಬಲ್ಲಿ ನೀನು ‘ವಿಲ್ ರೇನ್’ ಎಂದು ತುಂಬಿದ್ದೀಯೆ, ಮೇಡಂ ಅದನ್ನು ಹೊಡೆದು ‘ರೇನ್ಸ್’ ಎಂದು ಬರೆದಿದ್ದಾರೆ. ನಾಳೆಯ ಮಾತಾದ ಮೇಲೆ ‘ವಿಲ್’ ಏಕೆ ಬರಬಾರದು ಎಂಬ ನಿನ್ನ ಪ್ರಶ್ನೆ ನನಗೆ ಬಹಳ ಹಿಡಿಸಿತು. ಚಿಕ್ಕಪ್ಪ ‘ಇಫ್’ ವಾಕ್ಯಗಳ ರೂಪಗಳದ್ದೊಂದು ಕೋಷ್ಟಕ ಕಳುಹಿಸಿ ಬಾಯಿಪಾಠ ಮಾಡು ಎಂದಿದ್ದಾರೆ. ಕೋಷ್ಟಕದಲ್ಲಿ ತಪ್ಪಿಲ್ಲ, ಆದರೆ ಅದನ್ನು ಗಟ್ಟಿಮಾಡಿದ ಮಕ್ಕಳೂ ಪರೀಕ್ಷೆಯಲ್ಲಿ ಯಾವ ಸಾಲನ್ನು ಬಳಸಬೇಕೆಂದು ತಿಳಿಯದೆ ಕೂರುವುದನ್ನು ನನ್ನ ತರಗತಿಯಲ್ಲಿ ನೋಡುತ್ತಲೇ ಇದ್ದೇನೆ. ಆದ್ದರಿಂದ ಸ್ವಲ್ಪ ಉದ್ದವಾದರೂ ವಿವರವಾಗಿಯೇ ಹೇಳುತ್ತೇನೆ, ಸಮಾಧಾನವಾಗಿ ಕೇಳು.

ಮೊದಲು ನಿನ್ನ ಪ್ರಶ್ನೆಗೆ ಬರೋಣ. ಮನೆಯಲ್ಲಿ ನಾವು ‘ನಾಳೆ ಮಳೆ ಬಂದರೆ ಟೊಮೆಟೊ ಕೀಳುವುದು ಬೇಡ’ ಎನ್ನುತ್ತೇವೆ. ಈ ‘ಬಂದರೆ’ಯಲ್ಲಿ ಭವಿಷ್ಯತ್ಕಾಲದ ಗುರುತು ಎಲ್ಲಿದೆ, ಹುಡುಕಿ ನೋಡು. ಒಳಗೆ ಇರುವುದು ‘ಬಂದ’ ಎಂಬ ಭೂತಕಾಲದ ರೂಪವೇ. ಆದರೂ ನಮಗೆ ಗೊಂದಲವಾಗುವುದಿಲ್ಲ, ಏಕೆಂದರೆ ಕಾಲವನ್ನು ‘ನಾಳೆ’ ಎಂಬ ಪದ ಹೇಳಿಬಿಡುತ್ತದೆ. ಇಂಗ್ಲಿಷಿನಲ್ಲಿಯೂ ‘ಇಫ್’ ಇರುವ ಷರತ್ತಿನ ಭಾಗ ಷರತ್ತನ್ನು ಮಾತ್ರ ಹೇಳುತ್ತದೆ. ಮುಂದೆ ಏನಾಗುತ್ತದೆ ಎಂಬುದನ್ನು ಇನ್ನೊಂದು ಭಾಗ ಹೇಳುತ್ತದೆ, ‘ವಿಲ್’ ಇರಬೇಕಾದದ್ದು ಅಲ್ಲಿ. ‘ಇಫ್ ಇಟ್ ರೇನ್ಸ್ ಟುಮಾರೋ, ವಿ ವಿಲ್ ನಾಟ್ ಪಿಕ್ ದ ಟೊಮ್ಯಾಟೋಸ್.’ ಮಳೆ ಬಂದರೂ ಬರಬಹುದು, ಬಾರದೆಯೂ ಇರಬಹುದು. ಅಂಥ ನಿಜವಾದ ಸಾಧ್ಯತೆಗೆ ಈ ರೂಪ.

ಎಂದೆಂದಿಗೂ ಹಾಗೆಯೇ ನಡೆಯುವ ಸಂಗತಿಯಾದರೆ ‘ವಿಲ್’ ಕೂಡ ಬೇಕಾಗುವುದಿಲ್ಲ. ರೇಷ್ಮೆ ಹುಳುಗಳಿಗೆ ಒದ್ದೆ ಸೊಪ್ಪು ಹಾಕಿದರೆ ರೋಗ ಬರುತ್ತದೆ ಎಂದು ಅಜ್ಜಿ ಹೇಳುವುದನ್ನು ನೀನು ಕೇಳಿದ್ದೀಯೆ. ‘ಇಫ್ ಸಿಲ್ಕ್‌ವರ್ಮ್ಸ್ ಈಟ್ ವೆಟ್ ಲೀವ್ಸ್, ದೇ ಫಾಲ್ ಸಿಕ್.’ ಎರಡೂ ಕಡೆ ಸರಳ ವರ್ತಮಾನ, ಅಷ್ಟೇ.

ನಿಜವಾದ ತೊಡಕು ಇದರ ನಂತರ ಶುರುವಾಗುತ್ತದೆ, ಇಲ್ಲಿ ಗಮನವಿಟ್ಟು ಕೇಳು. ‘ಬೋರ್‌ವೆಲ್‌ನಲ್ಲಿ ನೀರು ಇದ್ದಿದ್ದರೆ ಟೊಮೆಟೊ ನಾಟಿ ಮಾಡುತ್ತಿದ್ದೆವು’ ಎಂದು ನಿನ್ನ ಅಪ್ಪ ಹೇಳಿದರು ಎಂದುಕೊ. ಅವರು ಹೇಳುತ್ತಿರುವುದು ಈಗಿನ ಮಾತೋ, ಹೋದ ವರ್ಷದ್ದೋ? ಕನ್ನಡದ ಆ ವಾಕ್ಯ ಎರಡಕ್ಕೂ ಸಲ್ಲುತ್ತದೆ, ಸಂದರ್ಭ ನೋಡಿ ನಾವು ಅರ್ಥ ಮಾಡಿಕೊಳ್ಳುತ್ತೇವೆ. ಇಂಗ್ಲಿಷಿನಲ್ಲಿ ಮಾತ್ರ ಇವೆರಡಕ್ಕೂ ಬೇರೆ ಬೇರೆ ರೂಪಗಳಿವೆ. ಈಗ ನೀರಿಲ್ಲ ಎಂದಾದರೆ ‘ಇಫ್ ವಿ ಹ್ಯಾಡ್ ವಾಟರ್, ವಿ ವುಡ್ ಪ್ಲಾಂಟ್ ಟೊಮ್ಯಾಟೋಸ್’. ಹೋದ ವರ್ಷ ಇರಲಿಲ್ಲ, ಆ ಹಂಗಾಮು ಕಳೆದೇ ಹೋಯಿತು ಎಂದಾದರೆ ‘ಇಫ್ ವಿ ಹ್ಯಾಡ್ ಹ್ಯಾಡ್ ವಾಟರ್, ವಿ ವುಡ್ ಹ್ಯಾವ್ ಪ್ಲಾಂಟೆಡ್ ಟೊಮ್ಯಾಟೋಸ್’. ಎರಡು ‘ಹ್ಯಾಡ್’ ಕಂಡು ಅಚ್ಚಿನ ತಪ್ಪೆಂದು ತಿಳಿಯಬೇಡ. ಮೊದಲನೆಯದು ಸಹಾಯಕ ಕ್ರಿಯಾಪದ, ಎರಡನೆಯದು ‘ಹ್ಯಾವ್’ ಎಂಬ ಮುಖ್ಯ ಕ್ರಿಯಾಪದದ ರೂಪ. ನಮ್ಮ ಮಕ್ಕಳು ಈ ಎರಡು ವಾಕ್ಯಗಳನ್ನು ಒಂದರೊಳಗೊಂದು ಬೆರೆಸುವುದಕ್ಕೆ ದಡ್ಡತನ ಕಾರಣವಲ್ಲ, ಕನ್ನಡದಲ್ಲಿ ಆ ಭೇದವನ್ನು ಬಾಯಿಬಿಟ್ಟು ಹೇಳಬೇಕಾದ ಪ್ರಮೇಯವೇ ಬರುವುದಿಲ್ಲ ಎಂಬುದು ಕಾರಣ. ಹಾಗಾಗಿ ‘ಇದ್ದಿದ್ದರೆ’ ಎಂಬ ಯೋಚನೆ ಮನಸ್ಸಿಗೆ ಬಂದ ಕೂಡಲೇ ‘ಈಗಲೋ, ಆಗಲೋ’ ಎಂದು ನಿನ್ನನ್ನು ನೀನೇ ಕೇಳಿಕೊ, ಆಮೇಲೆ ಬರೆ.

ನಮ್ಮ ಜಿಲ್ಲೆಯಿಂದಲೇ ಒಂದೊಂದು ಉದಾಹರಣೆ ಕೊಡುತ್ತೇನೆ. ನಂದಿ ಬೆಟ್ಟದ ಕಡೆ ಹುಟ್ಟುವ ಪಾಲಾರ್ ನದಿ ಕೋಲಾರ ಜಿಲ್ಲೆಯನ್ನು ಹಾದುಹೋದರೂ ಅದರಲ್ಲಿ ವರ್ಷವಿಡೀ ನೀರಿರುವುದಿಲ್ಲ. ಇದು ಇಂದಿನ ಸ್ಥಿತಿ, ಆದ್ದರಿಂದ ‘ಇಫ್ ದ ಪಾಲಾರ್ ಫ್ಲೋಡ್ ಆಲ್ ಇಯರ್, ವಿ ವುಡ್ ನಾಟ್ ಡ್ರಿಲ್ ಸೋ ಡೀಪ್’. ‘ಫ್ಲೋಡ್’ ಎಂಬುದು ನೋಡಲು ಭೂತಕಾಲ, ಹೇಳುತ್ತಿರುವುದು ಮಾತ್ರ ಇಂದಿನ ಮಾತನ್ನೇ. ಇದು ವಾಸ್ತವವಲ್ಲ, ಬರೀ ಕಲ್ಪನೆ ಎಂದು ತಿಳಿಸುವುದಕ್ಕೆ ಆ ರೂಪ ಬಂದಿದೆ. ಇನ್ನು ಕೆಜಿಎಫ್‌ನ ಚಿನ್ನದ ಗಣಿ 2001ರಲ್ಲಿ ಮುಚ್ಚಿತು, ಆ ಸಂಗತಿಯನ್ನು ಇನ್ನು ಬದಲಿಸಲಾಗದು. ‘ಇಫ್ ದ ಮೈನ್ಸ್ ಹ್ಯಾಡ್ ನಾಟ್ ಕ್ಲೋಸ್ಡ್ ಇನ್ 2001, ಮೆನಿ ವರ್ಕರ್ಸ್ ವುಡ್ ಹ್ಯಾವ್ ಕೆಪ್ಟ್ ದೇರ್ ಜಾಬ್ಸ್.’ ಈ ಎರಡು ವಾಕ್ಯಗಳನ್ನು ಪಕ್ಕಪಕ್ಕದಲ್ಲಿ ಬರೆದಿಟ್ಟುಕೊಂಡು ಗಟ್ಟಿಯಾಗಿ ಓದು.

ಇನ್ನು ಕೆಲವು ಸಣ್ಣ ವಿಷಯಗಳು. ಷರತ್ತಿನ ಭಾಗದಲ್ಲಿ ‘ವುಡ್’ ಹಾಕಬೇಡ. ‘ಇಫ್ ಐ ವುಡ್ ಹ್ಯಾವ್ ನೋನ್’ ಎಂದು ಅನೇಕರು ಬರೆಯುತ್ತಾರೆ, ಪರೀಕ್ಷೆಯಲ್ಲಿ ಅದಕ್ಕೆ ಅಂಕ ಸಿಗುವುದಿಲ್ಲ. ಮಾತಿನ ರೂಢಿಯಿಂದ ‘ಇಫ್ ರೇನ್ ಕಮ್ಸ್ ಮೀನ್ಸ್’ ಎಂದು ನಡುವೆ ‘ಮೀನ್ಸ್’ ಸೇರಿಸುವುದನ್ನೂ ಬಿಟ್ಟುಬಿಡು. ‘ಇಫ್’ ಭಾಗ ಮೊದಲು ಬಂದರೆ ಅದರ ಕೊನೆಗೆ ಅಲ್ಪವಿರಾಮ ಬೇಕು, ಅದೇ ಭಾಗ ಹಿಂದಕ್ಕೆ ಹೋದರೆ ಸಾಮಾನ್ಯವಾಗಿ ಬೇಡ. ‘ಇಫ್ ಐ ವರ್ ಯು’ ಎಂಬಲ್ಲಿ ‘ಐ’ ಇದ್ದರೂ ‘ವರ್’ ಬರುತ್ತದೆ, ಕಲ್ಪನೆಯ ವಾಕ್ಯಗಳಲ್ಲಿ ಅದೇ ಶಿಷ್ಟ ರೂಪ. ‘ಅನ್‌ಲೆಸ್’ ಎಂಬುದರೊಳಗೆ ‘ಇಲ್ಲದಿದ್ದರೆ’ ಎಂಬ ನಿಷೇಧ ಆಗಲೇ ಇರುವುದರಿಂದ ಅದರ ಜೊತೆಗೆ ‘ನಾಟ್’ ಸೇರಿಸಿದರೆ ಅರ್ಥ ತಿರುಗುಮುರುಗಾಗುತ್ತದೆ.

ಸಂಜೆ ಓದಲು ಕೂತಾಗ ಮನೆಯದೋ, ತೋಟದ್ದೋ ನಾಲ್ಕು ವಾಕ್ಯ ಬರೆದು ಕಳುಹಿಸು: ಸದಾ ನಡೆಯುವುದು ಒಂದು, ನಾಳೆ ನಡೆಯಬಹುದಾದದ್ದು ಒಂದು, ಈಗ ಇಲ್ಲದ್ದು ಒಂದು, ಆಗಿಹೋದದ್ದು ಒಂದು. ಇಲ್ಲಿಯೇ ಹಾಕು, ತಿದ್ದುವುದಿದ್ದರೆ ತಿದ್ದುತ್ತೇನೆ. ಚಿಕ್ಕಪ್ಪನ ಕೋಷ್ಟಕದಲ್ಲಿ ಯಾವ ವಾಕ್ಯ ಯಾವ ಸಾಲಿಗೆ ಸೇರುತ್ತದೆ ಎಂಬುದನ್ನು ಅವರೇ ನೋಡಿ ಹೇಳಲಿ.