ಹೆಲ್ಪರ್‌ಗೂ ಅನುಭವ ಬೇಕಂತೆ

ನಮ್ಮ ಹತ್ತನೇ ಕ್ಲಾಸಿನ ಬ್ಯಾಚಿನ ಗುಂಪಿನಲ್ಲಿ ಭಾನುವಾರ ನಡೆದ ಜಗಳ ಇದು. ಗುಂಪಿನಲ್ಲಿ ಇಲ್ಲದ ಕೆಲವರು ಕೇಳಿದ್ದರಿಂದ ಹಾಕುತ್ತಿದ್ದೇನೆ. ಮಧ್ಯೆ ಬಂದ ಶುಭರಾತ್ರಿಯ ಹೂವುಗಳನ್ನೂ ಅಡಿಕೆ ಧಾರಣೆಯ ಫಾರ್ವರ್ಡನ್ನೂ ತೆಗೆದಿದ್ದೇನೆ. ಕೇಶವನಿಗೆ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಎರಡು ಜೇಸಿಬಿ, ಒಂದು ಹಿಟಾಚಿ (ಚೈನಿನ ಮೇಲೆ ಓಡುವ, ಮಣ್ಣು ಅಗೆಯುವ ದೊಡ್ಡ ಮೆಷಿನ್) ಉಂಟು. ಗಿರೀಶ ಹಿಟಾಚಿ ಆಪರೇಟರ್, ಆದರೆ ಕೇಶವನ ಹತ್ತಿರ ಅಲ್ಲ. ಇಷ್ಟು ಗೊತ್ತಿದ್ದರೆ ಸಾಕು.

ಕೇಶವ: (ಪೋಸ್ಟರ್) ತುರ್ತಾಗಿ ಬೇಕಾಗಿದ್ದಾರೆ. ಹಿಟಾಚಿ ಆಪರೇಟರ್, 5 ವರ್ಷ ಅನುಭವ. ಜೇಸಿಬಿ ಆಪರೇಟರ್, 3 ವರ್ಷ ಅನುಭವ. ಹೆಲ್ಪರ್ ಇಬ್ಬರು, ಅನುಭವ ಕಡ್ಡಾಯ. ಊಟ, ವಸತಿ ಉಚಿತ. ಸಂಬಳ ನೇರ ಮಾತುಕತೆ.

ಕೇಶವ: ಎಲ್ಲ ಗುಂಪಿಗೂ ಹಾಕಿ ಆಯಿತು. ಊರಿನ ಒಬ್ಬ ಹುಡುಗನೂ ಫೋನ್ ಮಾಡಲಿಲ್ಲ. ಈಗಿನ ಮಕ್ಕಳಿಗೆ ಮೈ ಬಗ್ಗುವುದಿಲ್ಲ. ಕೈಯಲ್ಲಿ ಮೊಬೈಲ್ ಒಂದಿದ್ದರೆ ಮುಗಿಯಿತು.

ಜಯಂತಿ: ಸತ್ಯ ಮಾರಾಯ. ಮುಳ್ಳೇರಿಯದಲ್ಲಿ ನಮ್ಮ ಮನೆ ಕೆಲಸ ನಡೀತಾ ಉಂಟಲ್ಲ, ಮೇಸ್ತ್ರಿ ಒಬ್ಬರು ಮಾತ್ರ ಊರಿನವರು. ಕೆಂಪುಕಲ್ಲು ಕಟ್ಟುವವರು, ಸೆಂಟ್ರಿಂಗ್, ಸಾರಣೆ, ಎಲ್ಲ ಬಂಗಾಳದವರು. ಅವರ ಊರಲ್ಲಿ ಚುನಾವಣೆ ಅಂತ ಹೋದರು, ಕೆಲಸ ನಿಂತಿತು. ನನ್ನ ಹಿಂದಿ ಒಂದು ಸುಧಾರಿಸಿತು.

ಅಶ್ರಫ್: ಬೋರ್ ತೆಗೆಯಲಿಕ್ಕೂ ಅದೇ ಕತೆ. ಲಾರಿ ತಿರುಚೆಂಗೋಡಿನದ್ದು, ಕೆಲಸದವರು ಹಿಂದಿಯವರು, ನೀರು ಮಾತ್ರ ನಮ್ಮದು. ಅದೂ ಸಿಕ್ಕಿದರೆ 😀

ಮಾಷ್ಟ್ರು: ಕೇಶವ ಹೇಳುವುದರಲ್ಲಿ ಹುರುಳಿದೆ. ನಮ್ಮ ಗಡಿಯಾಚೆ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರನ್ನು ನೋಡಿ. ಒಬ್ಬರೇ ಗುಡ್ಡಕ್ಕೆ ಸುರಂಗ ಕೊರೆದು ನೀರು ತಂದರು. 2022ರಲ್ಲಿ ಪದ್ಮಶ್ರೀ ಬಂತು. ನಮ್ಮ ಬಾಯಾರು, ಪೈವಳಿಕೆ ಕಡೆ ಸುರಂಗ ತೋಡುವವರು ಎಷ್ಟು ಜನ ಇದ್ದರು! ಈಗ ಹುಡುಕಿದರೂ ಸಿಗುವುದಿಲ್ಲ. ಮೈಮುರಿದು ದುಡಿಯುವ ಗುಣವೇ ಹೋಯಿತು.

ಗಿರೀಶ: ಮಾಷ್ಟ್ರೇ, ಬೇಸರ ಮಾಡಬೇಡಿ. ನಾಯ್ಕರು ತೋಡಿದ್ದು ಅವರದ್ದೇ ಜಾಗಕ್ಕೆ. ನೀರು ಬಂದಾಗ ತೋಟ ಆದದ್ದೂ ಅವರದ್ದೇ. ಕೇಶವನ ಹೆಲ್ಪರ್ ಗುಂಡಿ ತೆಗೆದರೆ ಅವನಿಗೆ ಏನು ಉಳಿಯುತ್ತದೆ?

ಗಿರೀಶ: ಮತ್ತೆ ಕೇಶವ, ನಿನ್ನ ಪೋಸ್ಟರನ್ನು ನೀನೇ ಇನ್ನೊಮ್ಮೆ ಓದು. ಹೆಲ್ಪರ್‌ಗೂ ಅನುಭವ ಕಡ್ಡಾಯ ಅಂತ ಹಾಕಿದ್ದೀಯ. ಅನುಭವ ಇರುವವ ಹೆಲ್ಪರ್ ಆಗಿ ಯಾಕೆ ಬರುತ್ತಾನೆ? ಅನುಭವ ಇಲ್ಲದವನಿಗೆ ಹೆಲ್ಪರ್ ಕೆಲಸವೂ ಇಲ್ಲದಿದ್ದರೆ ಅವನು ಎಲ್ಲಿಂದ ಶುರು ಮಾಡಬೇಕು?

ಅಶ್ರಫ್: 😀😀😀

ಕೇಶವ: ಅದು ಪೋಸ್ಟರ್ ಮಾಡಿದವನು ಹಾಕಿದ್ದು.

ಜಯಂತಿ: ಹೌದೌದು.

ಕೇಶವ: ಸರಿ, ನಾನೇ ಹೇಳಿದ್ದು. ಯಾಕೆ ಹೇಳಿದೆ ಕೇಳಿ. ಕಳೆದ ಬಾರಿ ಒಬ್ಬ ಹೊಸ ಹುಡುಗನನ್ನು ಇಟ್ಟುಕೊಂಡೆ. ಗ್ರೀಸ್ ಹೊಡೆಯಲಿಕ್ಕೂ ಗೊತ್ತಿರಲಿಲ್ಲ. ಕಲಿಸಿದೆ. ಕಲಿತ. ಒಂದು ದಿನ ಹೇಳದೆ ಕತಾರಿಗೆ ಹೋದ. ನಾನೇನು ತರಬೇತಿ ಶಾಲೆ ನಡೆಸುತ್ತೇನಾ? ಮೆಷಿನಿನ ಕಂತು ತಿಂಗಳು ತಿಂಗಳು ಕಟ್ಟಬೇಕು. ಮಳೆಗಾಲ ಜೂನ್‌ನಿಂದ ಮೆಷಿನ್ ಶೆಡ್ಡಿನಲ್ಲಿ, ಕಂತು ಮಾತ್ರ ನಿಲ್ಲುವುದಿಲ್ಲ. ಒಂದು ಹೈಡ್ರಾಲಿಕ್ ಹೋಸ್ ಒಡೆದರೆ ಆ ದಿನದ ಬಾಡಿಗೆ ಹೋಯಿತು. ಬಾಡಿಗೆ ಗಂಟೆಯ ಲೆಕ್ಕ. ಕಲಿಯುವವನ ಕೈಗೆ ಲಿವರ್ ಕೊಟ್ಟು ಅರ್ಧ ಗಂಟೆ ಹಾಳು ಮಾಡಿದರೆ ಮನೆಯವರು ದುಡ್ಡು ಕೊಡುತ್ತಾರಾ? ಜಯಂತಿ, ನೀನು ಕೊಡ್ತೀಯಾ?

ಜಯಂತಿ: ಇಲ್ಲಪ್ಪ.

(ಇಲ್ಲಿಯವರೆಗೆ ನಾನು ಕೇಶವನ ಕಡೆ ಇದ್ದೆ ಅಂತ ಹೇಳಬಹುದು. ಅವನ ಕಷ್ಟ ಸುಳ್ಳಲ್ಲ. ಆಮೇಲೆ ಗಿರೀಶ ಉದ್ದಕ್ಕೆ ಬರೆದ. ಯಾವಾಗಲೂ ಒಂದು ಹೆಬ್ಬೆರಳು ಒತ್ತಿ ಹೋಗುವವನು ಇಷ್ಟು ಬರೆದದ್ದು ನೋಡಿ ಎಲ್ಲರೂ ಸುಮ್ಮನಾದರು.)

ಗಿರೀಶ: ನಾನು ಹೇಗೆ ಕಲಿತೆ ಹೇಳುತ್ತೇನೆ. ಕಲಿಸಿದವರು ಯಾರೂ ಇಲ್ಲ. ಹೆಲ್ಪರ್ ಅಂದರೆ ಬೆಳಿಗ್ಗೆ ಆಪರೇಟರ್ ಬರುವ ಮೊದಲು ಬೂಮ್ (ಮೆಷಿನಿನ ದೊಡ್ಡ ತೋಳು), ಆರ್ಮ್ (ಅದರ ತುದಿಯ ಚಿಕ್ಕ ತೋಳು), ಬಕೆಟಿನ ಪಿನ್ನುಗಳಿಗೆ ಗ್ರೀಸ್ ಹೊಡೆಯಬೇಕು. ಬಿಟ್ಟರೆ ಪಿನ್ನಿನ ಸುತ್ತಲಿನ ಬುಷ್ ಸವೆಯುತ್ತದೆ, ಬಕೆಟ್ ಸಡಿಲವಾಗಿ ಅಲ್ಲಾಡುತ್ತದೆ. ಡೀಸೆಲ್ ಕ್ಯಾನ್ ಹೊರಬೇಕು. ಚೈನಿನ ಕೆಸರು ತೆಗೆಯಬೇಕು. ರಾತ್ರಿ ಮೆಷಿನ್ ಹತ್ತಿರವೇ ಮಲಗಬೇಕು, ಡೀಸೆಲ್ ಕದಿಯುತ್ತಾರಲ್ಲ. ಇದೆಲ್ಲ ಮಾಡಿದ್ದಕ್ಕೆ ಸಿಗುತ್ತಿದ್ದ ನಿಜವಾದ ಸಂಬಳ ಯಾವುದು ಅಂದರೆ ಮಧ್ಯಾಹ್ನದ ಊಟದ ಹೊತ್ತು. ಆಪರೇಟರ್ ಊಟಕ್ಕೆ ಇಳಿದಾಗ, ಸಡಿಲ ಮಣ್ಣಿನ ರಾಶಿ ಇದ್ದರೆ, ಹತ್ತು ನಿಮಿಷ ಕೂತುಕೋ ಅನ್ನುತ್ತಿದ್ದರು. ಎಡಗೈ ಲಿವರಿನಲ್ಲಿ ಮೆಷಿನ್ ತಿರುಗಿಸುವುದು ಮತ್ತು ಆರ್ಮ್. ಬಲಗೈಯಲ್ಲಿ ಬೂಮ್ ಮತ್ತು ಬಕೆಟ್. ನಾಲ್ಕೂ ಒಟ್ಟಿಗೆ ಕೈಗೆ ಬರಬೇಕಾದರೆ ಅಂಥ ಊಟದ ಹೊತ್ತು ತುಂಬ ಬೇಕು. ಮಾಲೀಕರಿಗೆ ಗೊತ್ತಿರುತ್ತಿರಲಿಲ್ಲ. ಗೊತ್ತಿದ್ದರೂ ಕಣ್ಣು ಮುಚ್ಚುತ್ತಿದ್ದರು.

ಗಿರೀಶ: ಈಗ ಹೊಸ ಜೇಸಿಬಿಯಲ್ಲಿ ಲೈವ್‌ಲಿಂಕ್ ಉಂಟು. ಎಂಜಿನ್ ಎಷ್ಟು ಹೊತ್ತು ಓಡಿತು, ಎಲ್ಲಿ ನಿಂತಿದೆ ಎಲ್ಲ ಮಾಲೀಕನ ಫೋನಿಗೆ ಬರುತ್ತದೆ. ಮಧ್ಯಾಹ್ನ ಒಂದು ಗಂಟೆಗೆ ಎಂಜಿನ್ ಯಾಕೆ ಚಾಲೂ ಅಂತ ಕೇಶವನೇ ಫೋನ್ ಮಾಡುತ್ತಾನೆ. ಮಾಡ್ತೀಯಾ ಇಲ್ವಾ ಕೇಶವ?

ಕೇಶವ: ಡೀಸೆಲ್ ನಿನ್ನ ಅಪ್ಪ ಹಾಕ್ತಾರಾ?

ಗಿರೀಶ: ಅದೇ ನಾನು ಹೇಳಿದ್ದು. ತಪ್ಪು ಅಂತ ಹೇಳಲಿಲ್ಲ. ಆದರೆ ಆ ಹತ್ತು ನಿಮಿಷ ಹೋಯಿತು. ಈಗ ಹೆಲ್ಪರ್ ಹೆಲ್ಪರ್ ಆಗಿಯೇ ಉಳಿಯುತ್ತಾನೆ. ಆಪರೇಟರ್ ಆಗುವ ದಾರಿ ಕಾಣದಿದ್ದರೆ ಗ್ರೀಸ್ ಹೊಡೆಯಲಿಕ್ಕೆ ಯಾರು ಬರುತ್ತಾರೆ? ಮೊದಲು ಹುಡುಗರು ಬರುತ್ತಿದ್ದದ್ದು ಮೈ ಬಗ್ಗುತ್ತಿತ್ತು ಅಂತ ಅಲ್ಲ, ಮುಂದೆ ಸೀಟಿಗೆ ಏರಬಹುದು ಅಂತ.

ಉದಯ (ಶಾರ್ಜಾ): ಈಗ ನೋಡಿದೆ. ಗಿರೀಶ ಹೇಳಿದ್ದು ಸರಿ. ಮೈ ಬಗ್ಗುವುದಿಲ್ಲ ಅನ್ನುವವರು ಇಲ್ಲಿಗೆ ಬಂದು ನೋಡಲಿ. ಕುಂಬಳೆ, ಉಪ್ಪಳ, ಮಂಜೇಶ್ವರದ ಹುಡುಗರು ಈ ಸುಡುಬಿಸಿಲಲ್ಲಿ ಸೈಟಿನಲ್ಲಿ ಇದ್ದಾರೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರ ತನಕ ಬಿಸಿಲಿನ ಕೆಲಸ ಇಲ್ಲಿ ನಿಷೇಧ. ಮಾಡಿಸಿದರೆ ಕಂಪನಿಗೆ ದಂಡ. ನಮ್ಮ ಹುಡುಗರು ಊರಲ್ಲಿ ಸೋಮಾರಿ, ವಿಮಾನ ಇಳಿದ ಕೂಡಲೇ ದುಡಿಯುವವರು ಆಗುತ್ತಾರಾ?

ಕೇಶವ: ನಮ್ಮಲ್ಲೂ ಬೇಸಿಗೆಯಲ್ಲಿ 12ರಿಂದ 3 ನಿಲ್ಲಿಸಬೇಕು ಅಂತ ಕಾರ್ಮಿಕ ಇಲಾಖೆ ಆದೇಶ ಬರುತ್ತದೆ.

ಅಶ್ರಫ್: ಬರುತ್ತದೆ. ಪತ್ರಿಕೆಯಲ್ಲಿ.

ಮಾಷ್ಟ್ರು: ಆದರೆ ಉದಯ, ಸಂಬಳದಲ್ಲಿ ಕೇರಳ ಹಿಂದಿಲ್ಲ. ರಿಸರ್ವ್ ಬ್ಯಾಂಕಿನ ಪುಸ್ತಕದಲ್ಲಿ 2022-23ರ ಲೆಕ್ಕ ಇದೆ. ಹಳ್ಳಿಯ ಕಟ್ಟಡ ಕಾರ್ಮಿಕನ ದಿನಗೂಲಿ ಕೇರಳದಲ್ಲಿ ಸರಾಸರಿ 852 ರೂಪಾಯಿ. ದೇಶದ ಸರಾಸರಿ 393. ಮಧ್ಯಪ್ರದೇಶದಲ್ಲಿ 279. ಅದಕ್ಕೇ ಅಲ್ಲವೇ ಅವರೆಲ್ಲ ಇಲ್ಲಿಗೆ ಬರುವುದು?

ಉದಯ (ಶಾರ್ಜಾ): ಮಾಷ್ಟ್ರೇ, ಆ 852 ದಿನಕ್ಕೆ. ಎಷ್ಟು ದಿನ ಸಿಗುತ್ತದೆ ಅದನ್ನೂ ನೋಡಬೇಕಲ್ಲ. ಮಳೆಗಾಲ ಕಳೆಯಿರಿ. ಕಲ್ಲು ಬರಲಿಲ್ಲ, ಮರಳು ಬರಲಿಲ್ಲ ಅಂತ ನಿಂತ ದಿನ ಕಳೆಯಿರಿ. ಬಂಗಾಳದವನು ಒಂದು ಕೋಣೆಯಲ್ಲಿ ಎಂಟು ಜನ ಇದ್ದು ಉಳಿಸಿ ಮನೆಗೆ ಕಳಿಸುತ್ತಾನೆ. ಊರಿನ ಹುಡುಗ ಇಲ್ಲಿಯೇ ಸಂಸಾರ ಮಾಡಬೇಕು. ಅವನು ಸೂಪರ್‌ಮಾರ್ಕೆಟಿನಲ್ಲಿ ಕಡಿಮೆ ಸಂಬಳಕ್ಕೆ ನಿಲ್ಲುತ್ತಾನೆ, ಯಾಕೆಂದರೆ ಅದು ಜುಲೈಯಲ್ಲೂ ಬರುತ್ತದೆ.

ಜಯಂತಿ: ಇನ್ನೊಂದು ಯಾರೂ ಹೇಳಲಿಲ್ಲ. ಜೇಸಿಬಿ ಹುಡುಗ ಅಂದರೆ ಹೆಣ್ಣು ಕೊಡುವುದಿಲ್ಲ. ನನ್ನ ಚಿಕ್ಕಮ್ಮನ ಮಗ ಒಳ್ಳೆ ಆಪರೇಟರ್. ಜಾತಕ ಎಲ್ಲ ಕೂಡಿ ಬರುತ್ತದೆ, "ಕೆಲಸ ಎಂತ" ಅಂತ ಕೇಳುವಲ್ಲಿಗೆ ನಿಲ್ಲುತ್ತದೆ.

ಅಶ್ರಫ್: ಅಡಿಕೆ ತೋಟ ಇದ್ದವರಿಗೂ ಸಿಗುವುದಿಲ್ಲ ಮಾರಾಯ್ತಿ. ಅದು ಬೇರೆ ಗುಂಪಿನ ವಿಷಯ.

ಕೇಶವ: ಎಲ್ಲ ಸರಿ. ಉಳಿದವರಿಗೆ ಆಗುವುದು ನನಗೆ ಯಾಕೆ ಆಗುವುದಿಲ್ಲ? ಹೆದ್ದಾರಿ ಕೆಲಸಕ್ಕೆ ಜನ ಎಲ್ಲಿಂದ ಬಂದರು?

ಗಿರೀಶ: ಒಳ್ಳೆ ಪ್ರಶ್ನೆ. ತಲಪಾಡಿಯಿಂದ ಚೆಂಗಳಕ್ಕೆ 39 ಕಿಲೋಮೀಟರ್ ಮಾಡಿದ್ದು ಊರಾಳುಂಗಲ್ ಸೊಸೈಟಿ. ವಡಗರದ ಹತ್ತಿರ 1925ರಲ್ಲಿ ಶುರುವಾದದ್ದು. ಸಮಾಜ ಸುಧಾರಕ ವಾಗ್ಭಟಾನಂದ ಗುರುಗಳ ಜೊತೆ ಹೋದರು ಅಂತ ಜಮೀನ್ದಾರರು ಕೆಲಸ ಕೊಡದೆ ಹೋದಾಗ ಕೂಲಿಯವರೇ ಸೇರಿ ಕಟ್ಟಿದ ಸಂಘ. ಅಲ್ಲಿ ಕೆಲಸ ಮಾಡುವವನೇ ಸದಸ್ಯ. ಪಿಎಫ್ ಉಂಟು, ಬೋನಸ್ ಉಂಟು. ಅವರಲ್ಲೂ ಹೊರರಾಜ್ಯದವರು ಇದ್ದಾರೆ, ಇಲ್ಲ ಅಂತ ಅಲ್ಲ. ಆದರೆ ಮಲಯಾಳಿ ಹುಡುಗರು ಹೆಲ್ಮೆಟ್ ಹಾಕಿ ಮೆಷಿನ್ ಮೇಲೆ ಕೂತದ್ದನ್ನು ನೀನೂ ಕುಂಬಳೆಯಲ್ಲಿ ನೋಡಿದ್ದೀಯ.

ಕೇಶವ: ಅವರು ಸಾವಿರಾರು ಜನರ ಸೊಸೈಟಿ. ನಾನು ಮೂರು ಮೆಷಿನಿನವ. ನನಗೂ ಅವರಿಗೂ ಹೋಲಿಸುತ್ತೀಯಾ?

(ಈ ಮಾತು ನನಗೂ ಸರಿ ಕಂಡಿತು. ಗಿರೀಶ ಉದಾಹರಣೆ ಸ್ವಲ್ಪ ದೊಡ್ಡದೇ ತಂದ.)

ಮಾಷ್ಟ್ರು: ಮೂರು ಮೆಷಿನಿನವನೂ ಮಾಡಬಹುದಾದದ್ದು ಒಂದಿದೆ. ಕಟ್ಟಡ ಕಾರ್ಮಿಕರಿಗೆ ಕಾನೂನು 1996ರಲ್ಲೇ ಬಂತು. ದೊಡ್ಡ ಮನೆ ಕಟ್ಟುವವರಿಂದ ಖರ್ಚಿನ ಶೇಕಡಾ 1 ಸೆಸ್ ತೆಗೆದುಕೊಳ್ಳುತ್ತಾರಲ್ಲ, ಅದು ಕಾರ್ಮಿಕರ ಕ್ಷೇಮನಿಧಿಗೇ ಹೋಗುವುದು. 18 ತುಂಬಿರಬೇಕು, 60 ದಾಟಿರಬಾರದು, ವರ್ಷದಲ್ಲಿ 90 ದಿನ ಕೆಲಸ ಮಾಡಿರಬೇಕು. ನಿನ್ನ ಕೆಲಸದವರ ಹೆಸರು ಅದರಲ್ಲಿ ಉಂಟಾ ಕೇಶವ?

ಕೇಶವ: ಆಪರೇಟರ್‌ದು ಉಂಟು.

ಮಾಷ್ಟ್ರು: ಹೆಲ್ಪರ್‌ದು?

(ಕೇಶವ ಓದಿದ. ಎರಡು ನೀಲಿ ಗೆರೆ ಬಂತು. ಉತ್ತರ ಬರಲಿಲ್ಲ. ಅಶ್ರಫ್ ಒಂದು ವಾಯ್ಸ್ ಹಾಕಿ ಅಳಿಸಿದ.)

ಜಯಂತಿ: ಹೊರಗಿನವರೇ ಆಗಲಿ, ಕೆಲಸ ಆದರೆ ಸಾಕಲ್ವಾ? ಇದಕ್ಕೆ ಇಷ್ಟು ಯಾಕೆ ಜಗಳ?

ಗಿರೀಶ: ಹೊರಗಿನವರು ಬರಬಾರದು ಅಂತ ಯಾರೂ ಹೇಳಲಿಲ್ಲ. ಅವರಲ್ಲಿ ನನಗಿಂತ ಒಳ್ಳೆ ಆಪರೇಟರುಗಳು ಇದ್ದಾರೆ. ನನ್ನ ತಕರಾರು ಬೇರೆ. ನಮ್ಮ ಗುಡ್ಡ ಗೊತ್ತಲ್ಲ. ಮೇಲೆ ಮುರಕಲ್ಲು, ಅದೇ ಕೆಂಪುಕಲ್ಲು, ಗಟ್ಟಿ. ಅದರ ಕೆಳಗೆ ಶೇಡಿ ಮಣ್ಣು, ಮೆತ್ತಗಿನ ಜೇಡಿ. ಬೇಸಿಗೆಯಲ್ಲಿ ಕೊರೆದರೆ ಗೋಡೆ ಥರ ನೇರ ನಿಲ್ಲುತ್ತದೆ, ಚೆಂದ ಕಾಣುತ್ತದೆ. ನೀರು ಇಳಿದರೆ ಶೇಡಿ ಕರಗಿ ಜಾರುತ್ತದೆ, ಮೇಲಿನ ಗಟ್ಟಿ ಕಲ್ಲು ಇಡೀ ಕೆಳಗೆ. ಬಕೆಟಿಗೆ ಬಿಳಿ, ಗುಲಾಬಿ ಬಣ್ಣದ ಜಿಡ್ಡು ಮಣ್ಣು ಬರಲಿಕ್ಕೆ ಶುರುವಾದರೆ ಊರಿನ ಆಪರೇಟರ್ ಮೆಷಿನ್ ನಿಲ್ಲಿಸಿ ಮಾಲೀಕನಿಗೆ ಫೋನ್ ಮಾಡುತ್ತಾನೆ. ಮೆಟ್ಟಿಲು ಮೆಟ್ಟಿಲು ಇಳಿಸಬೇಕು, ನೇರ ಬೇಡ ಅಂತ ಹೇಳುತ್ತಾನೆ. ಮೊನ್ನೆ ತಾನೇ ಬಂದವನಿಗೆ ಅದು ಗೊತ್ತಿರುವುದಿಲ್ಲ. ಗೊತ್ತಿದ್ದರೂ ಹಿಂದಿಯಲ್ಲಿ ಯಾರ ಹತ್ತಿರ ಹೇಳುವುದು? 2025ರ ಮೇಯಲ್ಲಿ ಚೆರ್ವತ್ತೂರಿನ ಮಟ್ಟಲಾಯಿಯಲ್ಲಿ ಗುಡ್ಡ ಜರಿದು ಹೊರರಾಜ್ಯದ ಕೆಲಸದವರೊಬ್ಬರು ತೀರಿಕೊಂಡರಲ್ಲ. ಗುಡ್ಡದ ಕೆಳಗೆ ನಿಲ್ಲುವವನು ಯಾವಾಗಲೂ ಹೆಲ್ಪರ್. ಹೊಸಬ.

ಉದಯ (ಶಾರ್ಜಾ): ಇದನ್ನು ಆ ಪೋಸ್ಟರ್ ಮೇಲೆ ಬರೆಯಬೇಕು.

ಕೇಶವ: ಬರೆದರೆ ಬರುವವನೂ ಬರಲಿಕ್ಕಿಲ್ಲ.

ಅಶ್ರಫ್: ಕೇಶವ, ತಮಾಷೆ ಅಲ್ಲ. ನನ್ನ ಅಕ್ಕನ ಮಗ ಒಬ್ಬ ಇದ್ದಾನೆ. ಐಟಿಐ ಡೀಸೆಲ್ ಮೆಕ್ಯಾನಿಕ್ ಮುಗಿಸಿ ಬೈಕಿನಲ್ಲಿ ಪಾರ್ಸೆಲ್ ಹಂಚುತ್ತಾನೆ. 19 ವರ್ಷ. ಮೆಷಿನ್ ಅಂದರೆ ಜೀವ. ಅವನಿಗೆ ನಿನ್ನ ಪೋಸ್ಟರ್ ತೋರಿಸಿದ್ದೆ. "ಅನುಭವ ಇಲ್ಲ ಮಾಮ" ಅಂದ.

ಕೇಶವ: ಮೊದಲೇ ಹೇಳಬಾರದಾ ಮಾರಾಯ.

ಅಶ್ರಫ್: ನೀನು ಕಡ್ಡಾಯ ಅಂತ ಹಾಕಿದ್ದೀಯಲ್ಲ.

ಗಿರೀಶ: ಅವನನ್ನು ತೆಗೆದುಕೊಳ್ಳುವುದಾದರೆ ವಾರಕ್ಕೆ ಇಷ್ಟು ಹೊತ್ತು ಅಂತ ಅವನಿಗೆ ಸೀಟು ಕೊಡಬೇಕು. ಬಾಡಿಗೆ ಗಂಟೆಯಲ್ಲಿ ಬೇಡ. ಭಾನುವಾರ ಶೆಡ್ಡಿನ ಹಿಂದೆ ಮಣ್ಣಿನ ರಾಶಿ ಉಂಟಲ್ಲ, ಅಲ್ಲಿ. ನಾನೇ ಬಂದು ಕೂರುತ್ತೇನೆ. ಡೀಸೆಲ್ ನಿನ್ನದು.

ಕೇಶವ: ಡೀಸೆಲ್ ಅರ್ಧ ಅಶ್ರಫ್ ಹಾಕಲಿ.

ಅಶ್ರಫ್: ಅಯ್ಯೋ, ನಾನು ಹಾರ್ಡ್‌ವೇರ್ ಅಂಗಡಿಯವ. ಗ್ರೀಸ್ ಬೇಕಾದರೆ ಕೊಡುತ್ತೇನೆ, ಅದೂ ಹೋಲ್‌ಸೇಲ್ ದರಕ್ಕೆ.

ಉದಯ (ಶಾರ್ಜಾ): ಕಲಿತು ಇಲ್ಲಿಗೆ ಬಂದರೆ ನಾನು ಏರ್‌ಪೋರ್ಟಿಗೆ ಹೋಗುತ್ತೇನೆ ಕರೆದುಕೊಂಡು ಬರಲಿಕ್ಕೆ 😀

ಕೇಶವ: ನೋಡಿದಿರಾ ಮಾಷ್ಟ್ರೇ! ಇದಕ್ಕೇ ನಾನು ಹೆದರುವುದು.

ಮಾಷ್ಟ್ರು: ಹೋದರೆ ಹೋಗಲಿ. ಅಲ್ಲಿಯವರೆಗೆ ಕ್ಷೇಮನಿಧಿಯಲ್ಲಿ ಹೆಸರು ಹಾಕು.

ಗಿರೀಶ: ಹೋಗದ ಹಾಗೆ ಮಾಡಲಿಕ್ಕೆ ಒಂದೇ ಉಪಾಯ. ಮಳೆಗಾಲಕ್ಕೂ ಅರ್ಧ ಸಂಬಳ ಕೊಡು. ಮೆಷಿನ್ ಸರ್ವಿಸ್ ಎಲ್ಲ ಆಗ ಮಾಡಿಸು, ಡೀಸೆಲ್ ಮೆಕ್ಯಾನಿಕ್ ಓದಿದವನಲ್ವಾ? ಹೊರಗೆ ಕೊಡುವ ಲೇಬರ್ ಉಳಿಯುತ್ತದೆ.

ಕೇಶವ: ಅರ್ಧ ಆಗಲಿಕ್ಕಿಲ್ಲ.

ಗಿರೀಶ: ಎಷ್ಟು ಆಗುತ್ತದೆ?

ಕೇಶವ: ಲೆಕ್ಕ ಹಾಕಿ ಹೇಳುತ್ತೇನೆ.

ಅಶ್ರಫ್: ಇಲ್ಲಿ ಬೇಡ, ಹುಡುಗನಿಗೇ ಫೋನ್ ಮಾಡಿ ಹೇಳು. ನಂಬರ್ ಪರ್ಸನಲ್ ಹಾಕಿದ್ದೇನೆ. ಬೆಳಿಗ್ಗೆ ಎಂಟರ ಮೊದಲು ಮಾಡು, ಆಮೇಲೆ ಅವನು ಬೈಕಿನಲ್ಲಿರುತ್ತಾನೆ.

ಜಯಂತಿ: ಎಲ್ಲ ಮುಗಿಯಿತಾ? ಹಾಗಾದರೆ ಕೇಶವ, ನಮ್ಮ ಅಂಗಳದ ಮಣ್ಣು ತೆಗೆಯಲಿಕ್ಕೆ ಜೇಸಿಬಿ ಯಾವತ್ತು ಕಳಿಸುತ್ತೀ?